ಮೇಷ್ಟ್ರ ವಾದ, ಮೇಡಂ ಬಾಯಲ್ಲಿ

ಕಳೆದ ತಿಂಗಳು ನಮ್ಮ ಚೆನ್ನೇಗೌಡ ಮೇಷ್ಟ್ರಿಗೆ ಗಂಟಲು ಕಟ್ಟಿತು. ಕಾರಣ ಮಳೆಯಲ್ಲ, ಐಸ್‌ಕ್ರೀಮೂ ಅಲ್ಲ. ಬಡ ದೇಶಗಳ ಬಡತನ.

ನಗಬೇಡಿ. ಎಪ್ಪತ್ತು ದಾಟಿದ ಮನುಷ್ಯರು ದಿನಾ ಬೆಳಿಗ್ಗೆ ಬಸವನಗುಡಿಯ ತಮ್ಮ ಮನೆಯ ಟೆರೇಸ್ ಮೇಲೆ ನಿಂತು, ಎದುರಿಗಿರುವ ದಾಸವಾಳದ ಕುಂಡಗಳಿಗೆ "ಕೆಲವು ದೇಶಗಳು ಮುಂದೆ ಬಂದವು, ಕೆಲವು ಹಿಂದೆ ಉಳಿದವು, ಯಾಕೆ?" ಅಂತ ಏರುದನಿಯಲ್ಲಿ ಪಾಠ ಮಾಡಿದರೆ ಗಂಟಲು ತಾನೇ ಏನು ಮಾಡೀತು? ಪಕ್ಕದ ಮನೆಯವರು ಮೊದಮೊದಲು ಯಾವುದೋ ಯೋಗ ಕ್ಲಾಸ್ ಇರಬೇಕು ಅಂದುಕೊಂಡಿದ್ದರಂತೆ.

ಮೇಷ್ಟ್ರು ಹೀಗೆ ತಾಲೀಮು ನಡೆಸಿದ್ದು ನಮ್ಮ ಸಭೆಗಾಗಿ. ನಾವೊಂದಷ್ಟು ಹಳೆಯ ವಿದ್ಯಾರ್ಥಿಗಳು ಸೇರಿ, ಚಾಮರಾಜಪೇಟೆಯ ಒಂದು ಪುಟ್ಟ ಹಾಲ್‌ನಲ್ಲಿ ಭಾನುವಾರದ ಕೂಟ ಇಟ್ಟುಕೊಂಡಿದ್ದೆವು. ಮೊದಲು ಮೇಷ್ಟ್ರ ಭಾಷಣ, ಆಮೇಲೆ ಅವರ ಹೆಂಡತಿ ಸರೋಜಾ ಮೇಡಂ ಭಾಷಣ, ಆಮೇಲೆ ತಿಂಡಿ. (ಬಂದವರಲ್ಲಿ ಅರ್ಧ ಜನ ಮೂರನೆಯದಕ್ಕೇ ಬಂದಿದ್ದರು ಅನ್ನುವುದು ಬೇರೆ ಮಾತು.)

ಇಬ್ಬರೂ ನಮಗೆ ಎಕನಾಮಿಕ್ಸ್ ಹೇಳಿಕೊಟ್ಟವರು. ಒಂದೇ ಕಾಲೇಜು, ಒಂದೇ ಸ್ಟಾಫ್ ರೂಮು, ಬರುವ ಹೋಗುವ ಸ್ಕೂಟರೂ ಒಂದೇ. ವಾದ ಮಾತ್ರ ಉತ್ತರ, ದಕ್ಷಿಣ.

ಬೆಳಿಗ್ಗೆ ಮೊದಲ ಪಿರಿಯಡ್ ಮೇಷ್ಟ್ರದ್ದು. "ಬಡ ದೇಶ ಬಡವಾಗಿ ಉಳಿದದ್ದಲ್ಲ, ಉಳಿಸಿದ್ದು. ಹತ್ತಿ, ತಾಮ್ರ, ಚಹಾ ಎಲ್ಲ ಇಲ್ಲಿಂದ ಹೋಗುತ್ತೆ. ರೇಟ್ ಮಾತ್ರ ಅಲ್ಲಿ ಕೂತವರು ಹೇಳ್ತಾರೆ. ಹೀಗಿದ್ರೆ ಮುಂದೆ ಬರೋದು ಹೇಗೆ?" ಅನ್ನುತ್ತಿದ್ದರು. ನಾವು ಸಿಟ್ಟಿನಿಂದ ಕುದಿಯುತ್ತಾ ಕ್ಯಾಂಟೀನಿಗೆ ಹೋಗುತ್ತಿದ್ದೆವು.

ಊಟ ಮುಗಿಸಿ ಬಂದರೆ ಮೇಡಂ ಕ್ಲಾಸು. "ಹೊರಗಿನವರನ್ನ ಎಷ್ಟು ದಿನ ಬಯ್ತೀರಿ? ನಿಮ್ಮ ತಕ್ಕಡಿ ನೆಟ್ಟಗಿದೆಯಾ ಅದನ್ನ ನೋಡ್ಕೊಳ್ಳಿ. ಕೋರ್ಟು, ಸ್ಕೂಲು, ಕೊಟ್ಟ ಮಾತು, ಎಲ್ಲರಿಗೂ ಒಂದೇ ರೂಲು. ಇದಿರೋ ದೇಶ ಮುಂದೆ ಬರುತ್ತೆ, ಇಲ್ಲದಿರೋದು ಬರಲ್ಲ" ಅನ್ನುತ್ತಿದ್ದರು.

ಅಂದರೆ ನಮ್ಮ ಬಡತನಕ್ಕೆ ಬೆಳಿಗ್ಗೆ ಪರದೇಶದವರು ಕಾರಣ, ಮಧ್ಯಾಹ್ನದ ಹೊತ್ತಿಗೆ ನಾವೇ ಕಾರಣ. ಪರೀಕ್ಷೆಯಲ್ಲಿ ಏನು ಬರೆಯಬೇಕು? ಪೇಪರ್ ಯಾರು ತಿದ್ದುತ್ತಾರೆ ಅಂತ ಮೊದಲು ಪತ್ತೆ ಮಾಡಿ, ಅದಕ್ಕೆ ತಕ್ಕ ಹಾಗೆ ಬರೆದು ಪಾಸಾದವರು ನಾವು.

ಮೇಡಂ ತಂದೆಯವರದ್ದು ಪೇಟೆಯಲ್ಲಿ ತರಕಾರಿ ಮಂಡಿ. ಅವರ ತಕ್ಕಡಿ ಸಾಚಾ ಅಂತ ಗೊತ್ತಿದ್ದ ರೈತರು, ಮುಂದಿನ ನಾಲ್ಕು ಅಂಗಡಿ ದಾಟಿ ಅವರಲ್ಲಿಗೇ ಮೂಟೆ ಹೊತ್ತು ಬರುತ್ತಿದ್ದರಂತೆ. ಇದನ್ನು ಮೇಡಂ ಕ್ಲಾಸಿನಲ್ಲೇ ಹೇಳುತ್ತಿದ್ದರು. ಮೇಷ್ಟ್ರು ಕನಕಪುರದ ಕಡೆಯ ಒಕ್ಕಲು ಮನೆತನದವರು ಅನ್ನುವುದಷ್ಟೇ ನಮಗೆ ಗೊತ್ತು. ಮನೆ ಕಡೆಯ ಸುದ್ದಿಯನ್ನು ಅವರು ಕ್ಲಾಸಿಗೆ ತಂದವರಲ್ಲ.

ಮದುವೆಯಾದಾಗಲೇ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರಂತೆ. ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಬಂದು ಕೂರುವ ಹಾಗಿಲ್ಲ. ಒಂದೇ ವೇದಿಕೆ ಹತ್ತುವ ಹಾಗಿಲ್ಲ. ಜಗಳ ಏನಿದ್ದರೂ ಮನೆಯಲ್ಲಿ, ಇಡ್ಲಿ ಚಟ್ನಿ ಜೊತೆಗೆ. ನಮ್ಮ ಒತ್ತಾಯಕ್ಕೆ ಆ ಒಪ್ಪಂದ ಮೊದಲ ಸಲ ಮುರಿಯುವುದರಲ್ಲಿತ್ತು.

ಭಾನುವಾರ ಬೆಳಿಗ್ಗೆ ಮೇಡಂ ಫೋನ್ ಬಂತು.

"ವಸುಧಾ, ಇವರಿಗೆ ದನಿಯೇ ಹೊರಡ್ತಿಲ್ಲ. ಸ್ವಲ್ಪ ಬಂದು ಹೋಗ್ತೀಯಾ?"

ಹೋದೆ. ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲೇ ಅವರ ಮನೆ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಕತ್ತಿಗೆ ಮಫ್ಲರ್ ಸುತ್ತಿ, ಶೂ ಕಟ್ಟಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಬಾಯಿ ತೆರೆದರು. ಒಲೆ ಊದಿದ ಹಾಗೆ ಬರೀ ಗಾಳಿ ಬಂತು.

"ಡಾಕ್ಟ್ರು ಒಂದು ವಾರ ಮಾತೇ ಆಡಬಾರದು ಅಂದಿದಾರೆ. ಪಿಸುಮಾತೂ ಬೇಡ ಅಂತೆ" ಅಂದರು ಮೇಡಂ. "ನಾನು ಹೇಳ್ದೆ, ಶೂ ಬಿಚ್ಚಿ, ಮುಂದಕ್ಕೆ ಹಾಕೋಣ ಅಂತ. ಕೇಳಲ್ಲ."

"ಹೌದು ಸರ್, ಇನ್ನೊಂದು ದಿನ ಇಟ್ಕೊಳ್ಳೋಣ" ಅಂದೆ.

ಮೇಷ್ಟ್ರು ಬೇಡ ಅನ್ನುವ ಹಾಗೆ ತಲೆಯಾಡಿಸಿದರು. ಮೈಸೂರು, ತುಮಕೂರಿನಿಂದ ಹುಡುಗರು (ನಮ್ಮ ಬ್ಯಾಚಿನ ಆ ಹುಡುಗರಿಗೆ ಮೊಮ್ಮಕ್ಕಳಾಗಿವೆ) ಬಸ್ ಹತ್ತಿ ಆಗಿದೆ ಅಂತ ಅವರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಇನ್ನೊಂದು ಭಯ ಅವರ ಮುಖದಲ್ಲಿ ಕಾಣುತ್ತಿತ್ತು. ಈ ವಯಸ್ಸಿನಲ್ಲಿ ಮುಂದಕ್ಕೆ ಹಾಕಿದ ಸಭೆ ಮತ್ತೆ ನಡೆಯುತ್ತದೆ ಅಂತ ಏನು ಗ್ಯಾರಂಟಿ?

"ಹಾಗಾದ್ರೆ ನಿಮ್ಮ ಪರವಾಗಿ ನಾನು ಮಾತಾಡ್ಲಾ ಸರ್? ನಿಮ್ಮ ಪಾಠ ನೆನಪಿದೆ" ಅಂದೆ ಧೈರ್ಯ ಮಾಡಿ.

ಹಿಂದೆ ನನ್ನ ಉತ್ತರ ಪತ್ರಿಕೆ ವಾಪಸ್ ಕೊಡುವಾಗ ನೋಡುತ್ತಿದ್ದರಲ್ಲ, ಹಾಗೆ ನನ್ನನ್ನೊಮ್ಮೆ ನೋಡಿದರು. ಆಮೇಲೆ ಕೈಯೆತ್ತಿ ಹೆಂಡತಿಯ ಕಡೆ ಬೆರಳು ತೋರಿಸಿದರು.

"ನಾನಾ?" ಅಂದರು ಮೇಡಂ. "ನಾನು ಒಪ್ಪದೇ ಇರೋದನ್ನ ನಾನೇ ನಿಂತು ಹೇಳ್ಲಾ? ಅದೂ ಮೈಕ್ ಹಿಡ್ಕೊಂಡು?"

ಮೇಷ್ಟ್ರು ಬೆರಳು ಇಳಿಸಲಿಲ್ಲ.

ಮೇಡಂ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ದುರುಗುಟ್ಟಿ ನೋಡಿದರು. ಆಮೇಲೆ ಒಳಗೆ ಹೋದರು. ಸ್ಟೌವ್ ಆರಿಸಿದ ಸದ್ದು ಕೇಳಿತು. ಸೀರೆ ಬದಲಿಸಿಕೊಂಡು ಹೊರಗೆ ಬಂದವರೇ, "ಆಟೋ ಕರಿ" ಅಂದರು.

ಹಾಲ್ ತುಂಬಿತ್ತು. ಸ್ವಾಗತ ಮಾಡಿದ್ದು ನಮ್ಮ ಪ್ರಕಾಶ. ಕಾಲೇಜಿನಲ್ಲಿ ಕೊನೆ ಬೆಂಚು, ಈಗ ಸೈಟ್ ವ್ಯವಹಾರದಲ್ಲಿ ದೊಡ್ಡ ಹೆಸರು. ಅವನಿಗೂ ಒಂದು ಸಿದ್ಧಾಂತ ಇದೆ. ಮೈಕ್ ಸಿಕ್ಕ ಕೂಡಲೇ ಅದನ್ನು ಹೇಳಿಯೂ ಬಿಟ್ಟ.

"ನೋಡಿ, ದೇಶ ಅಂದ್ರೆ ಸೈಟ್ ಇದ್ದ ಹಾಗೆ. ಸಮುದ್ರ ಇರೋ ದೇಶ ಮೇನ್ ರೋಡ್ ಸೈಟು. ಸುತ್ತ ಬೇರೆ ದೇಶಗಳೇ ಇದ್ರೆ ಅದು ದಾರಿ ಇಲ್ಲದ ಸೈಟು. ಅಲ್ಲಿ ಅರಮನೆ ಕಟ್ಟಿದ್ರೂ ರೇಟ್ ಬರಲ್ಲ. ಇಷ್ಟೇ ವಿಷಯ. ಇದಕ್ಕೆ ಎರಡು ಭಾಷಣ ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ" ಅಂದ. ಎಲ್ಲರೂ ನಕ್ಕರು. ಆದರೆ ದೊಡ್ಡ ದೊಡ್ಡ ಪಂಡಿತರು ದಪ್ಪ ಪುಸ್ತಕ ಬರೆದು ಹೇಳುವುದರಲ್ಲಿ ಒಂದು ಪಾಲು ಇದೇ ತಾನೇ?

ಆಮೇಲೆ ಸರೋಜಾ ಮೇಡಂ ಎದ್ದು ನಿಂತರು. ಮೇಷ್ಟ್ರು ಮೊದಲ ಸಾಲಿನಲ್ಲಿ, ನನ್ನ ಪಕ್ಕ.

"ಇವರಿಗೆ ಗಂಟಲು ಸರಿ ಇಲ್ಲ. ಅದಕ್ಕೆ ಇವರ ಮಾತನ್ನ ನಾನು ಹೇಳ್ತಿದೀನಿ. ಇದು ನನ್ನ ಅಭಿಪ್ರಾಯ ಅಲ್ಲ. ನಾನು ಇದನ್ನ ಒಪ್ಪಲ್ಲ. ಆದ್ರೆ ಇವರು ಹೇಗೆ ಹೇಳ್ತಿದ್ರೋ ಹಾಗೇ ಹೇಳ್ತೀನಿ" ಅಂತ ಶುರು ಮಾಡಿದರು.

ಮೊದಲ ಹತ್ತು ನಿಮಿಷ ಒಣ ಒಣ. ಬಾಯಿಪಾಠ ಒಪ್ಪಿಸಿದ ಹಾಗೆ. ಹತ್ತಿ ಹೋಯಿತು, ಬಟ್ಟೆ ಬಂತು. ತಾಮ್ರ ಹೋಯಿತು, ತಂತಿ ಬಂತು. ಮೇಷ್ಟ್ರು ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ಒಂದೆರಡು ಸಲ ಹಾಗಲ್ಲ ಹಾಗಲ್ಲ ಅನ್ನುವ ಹಾಗೆ ಕೈಯಾಡಿಸಿದರು. ಯಾವುದೋ ಪಾಯಿಂಟ್ ಬಿಟ್ಟುಹೋಗಿರಬೇಕು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಆಕಳಿಸಿದರು. ತಿಂಡಿಯ ವಾಸನೆ ಬೇರೆ ಬರುತ್ತಿತ್ತು.

ಮೇಡಂಗೆ ಅದು ಗೊತ್ತಾಯಿತು. ಹಳೆ ಟೀಚರ್ ಅಲ್ಲವೇ? ಆಕಳಿಕೆ ಎಷ್ಟು ದೂರದಲ್ಲಿದ್ದರೂ ಕಣ್ಣಿಗೆ ಬೀಳುತ್ತದೆ. ಮಾತು ನಿಲ್ಲಿಸಿ ನೀರು ಕುಡಿದರು. ಆಮೇಲೆ ಬೇರೆಯೇ ದನಿಯಲ್ಲಿ ಹೇಳಿದರು.

"ತಾಮ್ರ ಬಿಡಿ. ನಮ್ಮತ್ತೆ ವಿಷಯ ಹೇಳ್ತೀನಿ."

ಪಕ್ಕದಲ್ಲಿ ಮೇಷ್ಟ್ರು ತಟ್ಟನೆ ತಲೆಯೆತ್ತಿದರು.

"ನಮ್ಮತ್ತೆ ಮನೇಲಿ ರೇಷ್ಮೆಹುಳ ಸಾಕ್ತಿದ್ರು. ಬಿಸಿಲು ದೇಶದ ಜನ ಸೋಮಾರಿಗಳು, ಅದಕ್ಕೇ ಬಡವರು ಅಂತ ಕೆಲವರು ಬರೀತಾರಲ್ಲ, ಅವರು ಒಂದು ಸಲ ನಮ್ಮತ್ತೆ ಮನೆ ನೋಡಬೇಕಿತ್ತು. ಹುಳ ಕೊನೇ ಹಂತಕ್ಕೆ ಬಂದಾಗ ಹಗಲು ರಾತ್ರಿ ಅನ್ನದೆ ಸೊಪ್ಪು ತಿನ್ನುತ್ತೆ. ಮನೆಯೋರು ಊಟ ಬಿಟ್ರೂ ಅದಕ್ಕೆ ಬಿಡೋ ಹಾಗಿಲ್ಲ. ಸೊಪ್ಪು ತಂದು, ಹೆಚ್ಚಿ, ಹಾಕಿ, ಕಸ ತೆಗೆದು, ಮತ್ತೆ ಹಾಕಿ. ಕೂತಲ್ಲೇ ತೂಕಡಿಸೋದೇ ನಿದ್ದೆ. ಅಷ್ಟೆಲ್ಲ ಮಾಡಿದ ಮೇಲೆ ಗೂಡು ಕಟ್ಟುತ್ತೆ. ಆಗ ಶುರುವಾಗೋದು ನಿಜವಾದ ಕಷ್ಟ. ಯಾಕೆ ಗೊತ್ತಾ? ಗೂಡು ಇಟ್ಕೊಂಡು ಕಾಯೋ ಹಾಗಿಲ್ಲ. ಕೆಲವೇ ದಿನ. ಆಮೇಲೆ ಒಳಗಿರೋ ಹುಳ ಚಿಟ್ಟೆಯಾಗಿ ಗೂಡನ್ನ ತೂತು ಮಾಡ್ಕೊಂಡು ಹೊರಗೆ ಬಂದ್ಬಿಡುತ್ತೆ. ತೂತಾದ ಗೂಡಿಂದ ನೂಲು ಬಿಚ್ಚೋಕೆ ಬರಲ್ಲ, ಅದು ಯಾರಿಗೂ ಬೇಡ."

ಹಾಲ್‌ನಲ್ಲಿ ಈಗ ಯಾರೂ ಆಕಳಿಸುತ್ತಿರಲಿಲ್ಲ.

"ಈ ವಿಷಯ ಬೆಳೆಯೋರಿಗೂ ಗೊತ್ತು, ಕೊಳ್ಳೋರಿಗೂ ಗೊತ್ತು. ಕೊಳ್ಳೋನು ಆರಾಮಾಗಿ ಬೀಡಾ ಹಾಕ್ಕೊಂಡು ಕಾಯ್ತಾನೆ. ಆಗೆಲ್ಲ ದಲ್ಲಾಳಿಗಳು ಟವಲ್ ಕೆಳಗೆ ಕೈಯಿಟ್ಟು, ಬೆರಳು ಹಿಡಿದು ರೇಟ್ ಮಾಡ್ತಿದ್ರಂತೆ. ಹೊರಗಿನೋರಿಗೆ ಕಾಣಬಾರದು ಅಂತ. ನಮ್ಮತ್ತೆ ಗಂಡನ ಹಿಂದೆ ನಿಂತು ಆ ಟವಲನ್ನೇ ನೋಡ್ತಿದ್ರಂತೆ. ತಾನು ಬೆಳೆದ ಗೂಡು, ತಾನು ಬಿಟ್ಟ ನಿದ್ದೆ. ಟವಲ್ ಕೆಳಗೆ ಏನಾಗ್ತಿದೆ ಅಂತ ಮಾತ್ರ ತನಗೆ ಗೊತ್ತಿಲ್ಲ. ಇವರು ತಾಮ್ರ, ಚಹಾ, ಕಾಫಿ ಅಂತ ನಿಮಗೆಲ್ಲ ವರ್ಷಗಟ್ಟಲೆ ಹೇಳಿದ್ದು ಇಷ್ಟನ್ನೇ. ಕಾಯೋಕೆ ಆಗದೇ ಇರೋನು ಕೊಟ್ಟ ರೇಟಿಗೆ ಮಾರ್ತಾನೆ. ಕಾಯೋಕೆ ಆಗೋನು ತಾನು ಹೇಳಿದ ರೇಟಿಗೆ ಕೊಳ್ತಾನೆ. ಮನುಷ್ಯರೂ ಅಷ್ಟೆ, ದೇಶಗಳೂ ಅಷ್ಟೆ."

"ನಮ್ಮತ್ತೆ ಮೊದಲನೇ ರೇಷ್ಮೆ ಸೀರೆ ಉಟ್ಟಿದ್ದು ನಮ್ಮ ಮದುವೇಲಿ. ನಮ್ಮಪ್ಪ ಕೊಡಿಸಿದ್ದು" ಅಂದರು.

ಮೇಷ್ಟ್ರು ಕನ್ನಡಕ ತೆಗೆದು ಮಫ್ಲರ್ ತುದಿಯಲ್ಲಿ ಒರೆಸಿಕೊಂಡರು. ಒರೆಸಿಕೊಂಡೇ ಇದ್ದರು. ನಾನು ಆ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಪ್ರಕಾಶ ಎದ್ದ.

"ಮೇಡಂ, ಒಂದು ಡೌಟು. ಇದೆಲ್ಲ ಸರಿ. ಆದ್ರೆ ಹಿಂಗೇ ತುಳಿಸಿಕೊಂಡ ಕೆಲವು ದೇಶಗಳು ನಮ್ಮ ಕಣ್ಣ ಮುಂದೇನೇ ಮೇಲೆ ಬಂದ್ವಲ್ಲ. ಅದು ಹೆಂಗೆ?"

ಇದು ಮೇಡಂ ತಾವೇ ಮನೆಯಲ್ಲಿ ಗಂಡನಿಗೆ ಕೇಳುವ ಪ್ರಶ್ನೆ. ಕ್ಲಾಸಿನಲ್ಲಿ ನಮಗೂ ಕೇಳುತ್ತಿದ್ದರು. ಈಗ ಅದಕ್ಕೆ ಗಂಡನ ಕಡೆಯಿಂದ ಅವರೇ ಉತ್ತರ ಕೊಡಬೇಕು. ಮೇಡಂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಎರಡೂ ಕೈ ಮೇಲೆತ್ತಿದರು.

"ಮನೇಲಿ ಈ ಪ್ರಶ್ನೆ ಬಂದ ತಕ್ಷಣ ಇವರು ಪೇಪರ್ ಓದೋಕೆ ಶುರು ಮಾಡ್ತಾರೆ" ಅಂದರು ಮೇಡಂ. ಹಾಲ್ ಪೂರ್ತಿ ನಕ್ಕಿತು. ಅವರು ನಗಲಿಲ್ಲ, ಯೋಚಿಸುತ್ತಿದ್ದರು.

"ಪ್ರಕಾಶ, ಗೂಡಿಗೆ ಹಬೆ ಕೊಟ್ಟು ಒಣಗಿಸಿಟ್ರೆ ಚಿಟ್ಟೆ ಬರಲ್ಲ. ಆಗ ತಿಂಗಳಾದ್ರೂ ಇಟ್ಕೋಬಹುದು. ಆದ್ರೆ ಅದಕ್ಕೆ ಒಂದು ಒಣಗಿಸೋ ಮನೆ ಬೇಕು. ಒಬ್ಬರ ಕೈಲಿ ಆಗಲ್ಲ, ಊರವರು ಸೇರಿ ಕಟ್ಕೋಬೇಕು. ಮೇಲೆ ಬಂದ ದೇಶಗಳು ಮಾಡಿದ್ದು ಅದನ್ನೇ ಅನ್ಸುತ್ತೆ. ಕಾಯೋ ಶಕ್ತಿ ಸಂಪಾದಿಸಿಕೊಂಡ್ವು. ಆದ್ರೆ ಊರವರೆಲ್ಲ ತಂತಮ್ಮ ಗೂಡನ್ನ ತಂದು ಒಂದೇ ಮನೇಲಿ ಇಡಬೇಕಾದ್ರೆ…"

ಅಲ್ಲಿ ನಿಂತರು. ಯಾರೋ ಕರೆದ ಹಾಗೆ ಮುಖ ಮಾಡಿದರು.

"…ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇರಬೇಕು. ತೂಕ ಸರಿ ಇರಬೇಕು. ಕದ್ದೋನಿಗೆ ಶಿಕ್ಷೆ ಆಗಬೇಕು." ಮತ್ತೆ ನಿಲ್ಲಿಸಿ, "ಅಯ್ಯೋ, ಇದು ನನ್ನ ಭಾಷಣ. ಇವರ ದಾರೀಲಿ ಹೋಗಿ ನಮ್ಮನೆ ಬಾಗಿಲಿಗೇ ಬಂದು ನಿಂತ್ಕೊಂಡೆ" ಅಂದರು.

ಚಪ್ಪಾಳೆ ನಿಲ್ಲಲು ಬಹಳ ಹೊತ್ತಾಯಿತು. ಅವರ ಸ್ವಂತ ಭಾಷಣಕ್ಕೆ ಸಮಯ ಇನ್ನೂ ಇತ್ತು. ಆದರೆ ಮೇಡಂ ಮೈಕ್ ಕೆಳಗಿಟ್ಟರು. "ನಂದು ಇನ್ನೊಂದು ಸಲ. ಈಗ ಮಾತಾಡಿದ್ರೆ ನನಗೇ ಗಲಿಬಿಲಿ ಆಗುತ್ತೆ."

ತಿಂಡಿಯ ಹೊತ್ತಿನಲ್ಲಿ ಒಂದು ತಮಾಷೆ ನಡೆಯಿತು. ಕೇಸರಿಬಾತ್ ತಟ್ಟೆ ಹಿಡಿದವರೆಲ್ಲ ಸೀದಾ ಮೇಷ್ಟ್ರ ಹತ್ತಿರ ಬಂದು, "ಸರ್, ಇವತ್ತು ನಿಮ್ಮ ಪಾಠ ನಿಜವಾಗ್ಲೂ ಅರ್ಥ ಆಯ್ತು" ಅಂತ ಕೈ ಕುಲುಕತೊಡಗಿದರು. ತುಟಿ ಎರಡು ಮಾಡದ ಮೇಷ್ಟ್ರು ಎಲ್ಲರಿಗೂ ತಲೆಬಾಗಿ ವಂದಿಸುತ್ತಿದ್ದರು. ಸರೋಜಾ ಮೇಡಂ ಕಿಟಕಿ ಪಕ್ಕ ಒಬ್ಬರೇ ಉಪ್ಪಿಟ್ಟು ತಿನ್ನುತ್ತಿದ್ದರು.

"ಯಾಕೆ ಮೇಡಂ ಸಪ್ಪಗಿದೀರಿ? ಅಷ್ಟು ಚೆನ್ನಾಗಿ ಮಾತಾಡಿದ್ರಿ" ಅಂದೆ.

"ಅದೇ ಬೇಜಾರು ಕಣೇ. ಇಷ್ಟು ವರ್ಷ ಯಾವುದನ್ನ ತಪ್ಪು ಅಂತ ಹೇಳ್ಕೊಂಡು ಬಂದ್ನೋ, ಅದನ್ನ ನಾನೇ ನಿಂತು ಗೆಲ್ಲಿಸ್ದೆ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕ್ಕೊಂಡ ಹಾಗಾಯ್ತು."

ವಾಪಸ್ ಹೋಗುವಾಗ ಪ್ರಕಾಶ ತನ್ನ ಕಾರಿನಲ್ಲಿ ಅವರಿಬ್ಬರನ್ನು ಬಿಡಲು ಹೊರಟ. ನಾನೂ ಹತ್ತಿದೆ. ವಿಶ್ವೇಶ್ವರಪುರಂ ಹತ್ತಿರ ಟ್ರಾಫಿಕ್ ನಿಂತಿತ್ತು. ಹಿಂದಿನ ಸೀಟಿನಿಂದ ಗಾಳಿಯಂಥ ಒಂದು ದನಿ ಕೇಳಿತು. ಮೇಷ್ಟ್ರು ಡಾಕ್ಟರ ಮಾತು ಮುರಿದಿದ್ದರು.

"ಅಮ್ಮನ ವಿಷಯ, ಆ ಟವಲಿನ ವಿಷಯ, ನಿಂಗೆ ಯಾರು ಹೇಳಿದ್ರು?"

"ಅತ್ತೇನೇ ಹೇಳಿದ್ರು. ಅವರೆಕಾಯಿ ಬಿಡಿಸ್ತಾ."

"ನನ್ನ ಹತ್ರ ಒಂದು ದಿನಾನೂ ಹೇಳಲಿಲ್ಲ."

"ನೀವು ಕೇಳಿದ್ರಾ? ಊರಿಗೆ ಹೋದಾಗಲೂ ನೀವು ಅವರಿಗೆ ತಾಮ್ರದ ಬಗ್ಗೆ ಭಾಷಣ ಮಾಡ್ತಿದ್ರಿ." ಮೇಡಂ ಮತ್ತೆ ಅಂದರು, "ಅವರು ಕೂತು ಕೇಳೋರು, ಪಾಪ. ಮಗ ನಮ್ಮ ಗೂಡಿನ ವಿಷಯವೇ ಹೇಳ್ತಿದಾನೆ, ಅವನಿಗೆ ಗೊತ್ತಿಲ್ಲ ಅಷ್ಟೆ ಅಂತ ನನ್ನ ಹತ್ರ ಹೇಳಿ ನಗೋರು. ಈಗ ಸುಮ್ನಿರಿ, ಗಂಟಲು ಕೆಡುತ್ತೆ."

ನಾನು ಕನ್ನಡಿಯಲ್ಲಿ ನೋಡಿದೆ. ಮೇಡಂ ಅವರ ಮಫ್ಲರನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತಿದ್ದರು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ಮುಗುಳ್ನಗುತ್ತಿದ್ದರು.

ಈಗ ನನಗೆ ಅನ್ನಿಸುವುದು ಇಷ್ಟು. ದೇಶಗಳ ಬಗ್ಗೆ ನಾವು ಹೇಳುವ ಎಷ್ಟೋ ದೊಡ್ಡ ಸಿದ್ಧಾಂತಗಳ ಬೇರು ಯಾವುದೋ ಅಡುಗೆಮನೆಯಲ್ಲೋ, ಅಂಗಡಿ ಮುಂಗಟ್ಟಿನಲ್ಲೋ ಇರುತ್ತದೆ. ತಕ್ಕಡಿ ನೋಡಿ ಬೆಳೆದವರಿಗೆ ನ್ಯಾಯವಾದ ತೂಕವೇ ಪ್ರಗತಿ. ಅಮ್ಮನ ನಿದ್ದೆಗೆಟ್ಟ ಕಣ್ಣು ನೋಡಿ ಬೆಳೆದವರಿಗೆ ಆ ನಿದ್ದೆಗೆ ಬೆಲೆ ಕಟ್ಟುವವರು ಯಾರು ಅನ್ನುವುದೇ ಪ್ರಶ್ನೆ. ಸೈಟ್ ಮಾರುವವನಿಗೆ ಜಾಗವೇ ಎಲ್ಲ. ಮೂವರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಜಗಳ ಯಾವುದಕ್ಕೆ?

ಜಗಳ ಬೇಕು. ಜಗಳವಿಲ್ಲದ ಮನೆ, ಜಗಳವಿಲ್ಲದ ದೇಶ ನೋಡಿದರೆ ನನಗೆ ಸ್ವಲ್ಪ ಭಯವೇ. ಆದರೆ ಟಿವಿ ಚರ್ಚೆ ನೋಡಿ, ನಿಮ್ಮ ಫ್ಯಾಮಿಲಿ ಗ್ರೂಪ್ ನೋಡಿ. ಎದುರಿನವರು ಏನು ಹೇಳಿದರು ಅಂತ ಒಬ್ಬರನ್ನಾದರೂ ಕೇಳಿ ನೋಡಿ. "ಅವರು ಏನೋ ಬಡ್ಕೊಂಡ್ರು ಬಿಡಿ" ಅನ್ನುತ್ತಾರೆ. ಅಷ್ಟೇ ಕೇಳಿಸಿಕೊಂಡಿರುತ್ತಾರೆ. ಸರೋಜಾ ಮೇಡಂ ಗಂಡನ ಮಾತನ್ನು ಒಂದು ದಿನವೂ ಒಪ್ಪಿದವರಲ್ಲ. ಕೇಳಿಸಿಕೊಳ್ಳದೆ ಬಿಟ್ಟವರೂ ಅಲ್ಲ. ಅತ್ತೆಯ ಮಾತನ್ನೂ ಹಾಗೇ ಕೇಳಿಸಿಕೊಂಡು, ಎರಡನ್ನೂ ಜೋಡಿಸಿ ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಮೇಷ್ಟ್ರ ದನಿ ಪೂರ್ತಿ ವಾಪಸ್ ಬಂದಿದೆ. ಗೇಟಿನವರೆಗೂ ಕೇಳಿಸುತ್ತಿತ್ತು.

"ಬಾ ವಸುಧಾ, ನೀನೇ ಹೇಳು. ಇನ್ನೊಂದು ಸಭೆ ಇಡಿ. ಇವಳ ಭಾಷಣ ಬಾಕಿ ಉಳಿದಿದೆ. ನನ್ನ ಪರವಾಗಿ ಇವಳು ಮಾತಾಡಿದಳು, ಇವಳ ಪರವಾಗಿ ನಾನು ಮಾತಾಡ್ತೀನಿ. ಅದು ನ್ಯಾಯ" ಅಂದರು.

"ಖಂಡಿತ ಬೇಡ" ಅಂದರು ಮೇಡಂ, ಕಾಫಿ ತಂದಿಡುತ್ತಾ. "ನಂದನ್ನ ನಾನೇ ಹೇಳ್ಕೋತೀನಿ. ಇವರು ಹೇಳಿದ್ರೆ ಕೆಡಿಸ್ತಾರೆ."

"ಕೆಡಿಸಲ್ಲ ಸರೋಜ. ನಿಮ್ಮಪ್ಪನ ತಕ್ಕಡಿ ವಿಷಯ ನನಗೂ ಗೊತ್ತು."

"ಏನು ಗೊತ್ತು? ಹೇಳಿ ನೋಡೋಣ."

ಮೇಷ್ಟ್ರು ಶುರು ಮಾಡಿದರು. ಮೊದಲನೇ ವಾಕ್ಯಕ್ಕೇ ಮೇಡಂ ತಡೆದರು, ತಿದ್ದಿದರು. ಮೇಷ್ಟ್ರು ಮತ್ತೆ ಮೊದಲಿಂದ ಹೇಳಿದರು. ಮೇಡಂ ಮತ್ತೆ ತಿದ್ದಿದರು. ನಾನು ಎರಡನೇ ಲೋಟ ಕಾಫಿ ಮುಗಿಸಿ ಏಳುವಾಗಲೂ ಪಾಠ ನಡೆದೇ ಇತ್ತು. ವಿದ್ಯಾರ್ಥಿ ಸ್ವಲ್ಪ ಮೊಂಡ, ಆದರೆ ಕಲಿಯುತ್ತಿದ್ದರು.

ಕೆಲವು ದೇಶಗಳು ಯಾಕೆ ಮುಂದೆ ಬಂದವು ಅಂತ ನನಗೆ ಈಗಲೂ ಗೊತ್ತಿಲ್ಲ. ಅದನ್ನು ಬಲ್ಲವರು ಹೇಳಲಿ. ನಾನು ಕೇಳುವುದು ಬೇರೆ, ಅದೂ ನಿಮ್ಮನ್ನೇ. ದಿನಾ ನಿಮ್ಮ ಜೊತೆ ವಾದಕ್ಕಿಳಿಯುವವರಿಗೆ ನಾಳೆ ಬೆಳಿಗ್ಗೆ ದನಿಯೇ ಹೊರಡದಿದ್ದರೆ, ಅವರ ಮಾತನ್ನು ಅವರಷ್ಟೇ ಚೆನ್ನಾಗಿ ನೀವು ಹೇಳಬಲ್ಲಿರಾ?